ಪ್ರಿಂಟರಿಗೆ ಕರೆಂಟು ಎಲ್ಲಿಂದ ಬಂತು

"ನೋಡಮ್ಮ, ಐದು ಕಂಪ್ಯೂಟರ್ ಅವೆ, ಒಂದು ದೊಡ್ಡ ಪ್ರಿಂಟರ್ ಅದೆ. ಎಲ್ರೂ ಅದ್ರಲ್ಲೇ ಪ್ರಿಂಟ್ ತಗೀಬೇಕು. ದಿನಾ ಜಗಳ ಬುಡ್ಸಿ ಸಾಕಾಗೋಗದೆ."

ರೇಷ್ಮೆ ನೇಕಾರರ ಸಂಘವೊಂದರ ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ. ಕೊಳ್ಳೇಗಾಲದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಯಳಂದೂರು, ಹನೂರು ಕಡೆಯ ಆಫೀಸುಗಳಿಗೂ ನಾನೇ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಪ್ರಿಂಟರನ್ನು ಎಲ್ಲರಿಗೂ ಹಂಚಿಕೊಡುವುದು ನನಗೆ ತರಕಾರಿ ಹೆಚ್ಚಿದಷ್ಟು ರೂಢಿಯಾದ ಕೆಲಸ. ಊಟದ ಹೊತ್ತಿಗೆ ಮುಗಿಸಿ ಬರಬಹುದು ಎಂದುಕೊಂಡು ಹೋದೆ.

ಸಂಘದ ಜಾಗ ಎರಡು ಭಾಗವಾಗಿತ್ತು. ರಸ್ತೆಗೆ ಮುಖಮಾಡಿ ಹಳೆಯ ಕಟ್ಟಡ. ಅದರಲ್ಲಿ ಸೀರೆ ಮಾರುವ ಹಜಾರ, ಲೆಕ್ಕದ ಕೋಣೆ, ಕಾರ್ಯದರ್ಶಿಯವರ ಕೋಣೆ. ಅದರ ಹಿಂದೆ ಚಪ್ಪಡಿ ಹಾಸಿದ ಅಂಗಳ. ಅಂಗಳ ದಾಟಿದರೆ ಶೀಟು ಹೊದಿಸಿದ ಉದ್ದನೆಯ ಇನ್ನೊಂದು ಕಟ್ಟಡ. ಅದರ ಒಂದು ತುದಿಯಲ್ಲಿ ಡಿಸೈನ್ ಕೋಣೆ, ಇನ್ನೊಂದು ತುದಿಯಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆ. ಬಣ್ಣದ ಮನೆಗೆ ನೀರಿನ ಮೋಟರು ಬೇಕಾಗಿದ್ದರಿಂದ ಹಿಂದಿನ ಕಟ್ಟಡಕ್ಕೆ ಬೇರೆಯೇ ಮೀಟರು, ಬೇರೆಯೇ ಮೇನ್ ಸ್ವಿಚ್ಚು ಇದ್ದವು.

ಜಗಳಕ್ಕೆ ಕಾರಣ ತಿಳಿಯುವುದು ಕಷ್ಟವಾಗಲಿಲ್ಲ. ಪ್ರಿಂಟರಿನ ತಂತಿ ಲೆಕ್ಕಿಗರ ಕಂಪ್ಯೂಟರಿಗೆ ಸಿಕ್ಕಿಸಿತ್ತು. ಅವರು ಅದನ್ನು ಆರಿಸಿ ಊಟಕ್ಕೆ ಹೋದರೆ ಸಂಘದಲ್ಲಿ ಯಾರಿಗೂ ಒಂದು ಹಾಳೆ ಸಿಗುತ್ತಿರಲಿಲ್ಲ. ಹೆಚ್ಚು ಕಷ್ಟ ಡಿಸೈನರಿಗೆ. ಅವನು ನೇಕಾರರ ಮನೆಯ ಹುಡುಗ. ಅಪ್ಪ, ಅಣ್ಣ ಇಬ್ಬರೂ ಮಗ್ಗದ ಮೇಲೆ, ಇವನು ಮಾತ್ರ ಕಂಪ್ಯೂಟರಿನ ಮುಂದೆ. ಸೆರಗು ಮತ್ತು ಬಾರ್ಡರಿನ ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಕೂರಿಸುವುದು ಅವನ ಕೆಲಸ. ಆ ಗ್ರಾಫು ನೋಡಿಕೊಂಡೇ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವ ತೂತಿನ ಕಾರ್ಡು ಕೊರೆಯುವುದು. ಗ್ರಾಫು ಬರದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಮಗ್ಗ ಏಳುವುದಿಲ್ಲ. ಅವನು ಪೆನ್ ಡ್ರೈವ್ ಹಿಡಿದು ಅಂಗಳ ದಾಟಿ ಬಂದರೆ ಲೆಕ್ಕಿಗರು, "ವೈರಸ್ ತತ್ತೀಯ, ಇಲ್ಲಿ ಆಕ್ಬೇಡ" ಎಂದು ವಾಪಸು ಕಳಿಸುತ್ತಿದ್ದರು.

ನಾನು ಮೊದಲು ಮಾಡಿದ್ದು ಪ್ರಿಂಟರನ್ನು ಲೆಕ್ಕಿಗರ ಕಂಪ್ಯೂಟರಿನಿಂದ ಬಿಡಿಸಿದ್ದು. ಪ್ರಿಂಟರಿಗೆ ತನ್ನದೇ ನೆಟ್‌ವರ್ಕ್ ವಿಳಾಸ ಕೊಟ್ಟರೆ ಅದು ಯಾರ ಹಂಗಿನಲ್ಲೂ ಇರುವುದಿಲ್ಲ, ಯಾವ ಕಂಪ್ಯೂಟರಿನಿಂದ ಕರೆದರೂ ಓಗೊಡುತ್ತದೆ. ಪ್ರಿಂಟರನ್ನು ಹಜಾರದ ಮೂಲೆಗೆ ತಂದು ನಿಲ್ಲಿಸಿದೆವು. ಅದರ ಕಬ್ಬಿಣದ ಸ್ಟ್ಯಾಂಡಿಗೆ ಒಂದು ಹಬ್ ಬಿಗಿದೆ. ಹಬ್ ಎಂದರೆ ಎಲ್ಲ ಕಂಪ್ಯೂಟರಿನ ಕೇಬಲ್ಲುಗಳೂ ಬಂದು ಸೇರುವ ಸಣ್ಣ ಪೆಟ್ಟಿಗೆ. ಮುಂದಿನ ಕಟ್ಟಡದ ನಾಲ್ಕು ಕಂಪ್ಯೂಟರುಗಳಿಗೆ ಮಾಮೂಲಿ ಕೇಬಲ್ ಎಳೆದೆ. ಹಿಂದಿನ ಡಿಸೈನ್ ಕೋಣೆಗೆ ಮಾತ್ರ ಬಯಲಲ್ಲಿ ಹೋಗಬೇಕಾದ್ದರಿಂದ, ಬಿಸಿಲು ಮಳೆಗೆ ತಡೆಯಲಿ, ಇಲಿ ಕಡಿಯದಿರಲಿ ಎಂದು ಒಳಗೆ ಲೋಹದ ಹೊದಿಕೆ ಇರುವ ಗಟ್ಟಿ ಕೇಬಲ್ ತರಿಸಿದೆ. ಅದರ ಎರಡೂ ತುದಿಗೆ ಲೋಹದ ಪಿನ್ನು. ಹಬ್ಬಿನಿಂದ ಪ್ರಿಂಟರಿಗೆ ಹಾಕಿದ ಮೊಳದುದ್ದದ ತುಂಡೂ ಅದೇ ಕೇಬಲ್ಲಿನದು. ಕಂಪನಿಯವರ ಪುಸ್ತಕದಲ್ಲಿ ಹೊರಾಂಗಣಕ್ಕೆ ಇದೇ ಒಳ್ಳೆಯದು ಎಂದಿರುತ್ತದೆ. ನಾನೂ ಅದನ್ನೇ ನಂಬಿದ್ದವಳು.

ಡಿಸೈನ್ ಕೋಣೆಯ ಕಂಪ್ಯೂಟರು ಹಳೆಯದು. ಅದಕ್ಕೆ ಸರಿಹೊಂದುವ ಪ್ರಿಂಟರ್ ಡ್ರೈವರ್ ಸಾಫ್ಟ್‌ವೇರ್ ಸಿಗದೆ ಬೇರೆ ಯಾವುದೋ ಹಾಕಿದರೆ ಗ್ರಾಫಿನ ಚೌಕಗಳು ಕೂದಲೆಳೆಯಷ್ಟು ಕಿರಿದಾಗಿ ಬಂದವು. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಡಿಸೈನರ್ ಸ್ಕೇಲು ಇಟ್ಟು ನೋಡಿ ತಲೆಯಾಡಿಸಿದ.

"ಇಲ್ಲ ಕಣಕ್ಕ. ಇಲ್ಲಿ ಇಷ್ಟು ಕಮ್ಮಿ ಆದ್ರೆ ಸೆರಗಲ್ಲಿ ನವಿಲು ಕೋಳಿ ಆಗೋಯ್ತದೆ."

ಹಾಳೆಗೆ ತಕ್ಕಂತೆ ಚಿತ್ರವನ್ನು ಕುಗ್ಗಿಸುವ ಆಯ್ಕೆ ಎಲ್ಲೋ ಒಳಗೆ ಅಡಗಿ ಕುಳಿತಿತ್ತು. ಅದನ್ನು ಹುಡುಕಿ ತೆಗೆದಾಗ ಚೌಕ ಸರಿಯಾಯಿತು. ಸಂಜೆಗೆ ಐದು ಕಂಪ್ಯೂಟರಿನಿಂದಲೂ ಒಂದೊಂದು ಹಾಳೆ ಹೊರಬಂತು. ಕಾರ್ಯದರ್ಶಿಯವರು ಖುಷಿಯಾಗಿ ಕಾಫಿ ತರಿಸಿದರು. ಸಂಘದ ಆಯಮ್ಮನೇ ಲೋಟ ತಂದುಕೊಟ್ಟರು. ಅವರು ದಿನವೂ ಮುಳ್ಳೂರಿನಿಂದ ಬಸ್ಸಿಗೆ ಬಂದು ಕಸ ಗುಡಿಸಿ, ನೆಲ ಒರೆಸಿ, ಗಿರಾಕಿಗಳ ಮುಂದೆ ಬಿಚ್ಚಿದ ಸೀರೆಗಳನ್ನು ಮತ್ತೆ ಮಡಿಸಿಡುವವರು. ನನ್ನ ಅಮ್ಮನ ವಯಸ್ಸಿನವರು. ನನ್ನನ್ನು 'ಮಗ' ಎನ್ನುತ್ತಿದ್ದರು.

ಮಾರನೆಯ ಬೆಳಿಗ್ಗೆಯೇ ಫೋನು ಬಂತು. ಪ್ರಿಂಟರು ಯಾವ ಕಂಪ್ಯೂಟರಿಗೂ ಕಾಣುತ್ತಿಲ್ಲ.

ಹೋಗುವಷ್ಟರಲ್ಲಿ ಅದು ತಾನಾಗಿ ಸರಿಹೋಗಿತ್ತು. ಎರಡು ದಿನ ಬಿಟ್ಟು ಮತ್ತೆ ಅದೇ. ಸಂಘದ ವೈಫೈಗೆ ಸೇರಿದ ಯಾರೋ ಒಬ್ಬರ ಮೊಬೈಲು ಪ್ರಿಂಟರಿನ ವಿಳಾಸವನ್ನೇ ತೆಗೆದುಕೊಂಡು ಕುಳಿತಿರಬೇಕು ಎಂದುಕೊಂಡೆ. ಇಂಥದ್ದು ಆಗುತ್ತಿರುತ್ತದೆ. ಪ್ರಿಂಟರಿನ ವಿಳಾಸವನ್ನು ಬೇರೆ ಯಾರಿಗೂ ಸಿಗದಂತೆ ಕಾಯ್ದಿರಿಸಿದೆ. ಪಿನ್ನುಗಳನ್ನು ಕತ್ತರಿಸಿ ಹೊಸದು ಒತ್ತಿದೆ. ಹಬ್ಬನ್ನೇ ಬದಲಿಸಿದೆ. ಎಲ್ಲವೂ ಆದಮೇಲೂ ಕೆಲವು ಬೆಳಿಗ್ಗೆ ಪ್ರಿಂಟರು ಮಾಯವಾಗುತ್ತಿತ್ತು, ಮಧ್ಯಾಹ್ನ ತಾನೇ ಬಂದುಬಿಡುತ್ತಿತ್ತು. ನಾನು ಹೋದಾಗಲೆಲ್ಲ ಒಳ್ಳೆಯ ಮಗುವಿನಂತೆ ಕೆಲಸ ಮಾಡುತ್ತಿತ್ತು. ಲೆಕ್ಕಿಗರು, "ನಿಮ್ಮನ್ನ ಕಂಡ್ರೆ ಅದಕ್ಕೆ ಭಯ ಕಣ್ರಿ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮದುವೆ ಸೀಸನ್ನಿನ ಸೀರೆಗಳ ಗ್ರಾಫುಗಳು ಬಾಕಿ ಇದ್ದವು.

ಅದಕ್ಕೇ ಒಂದು ದಿನ, ತೊಂದರೆ ಶುರುವಾಗುವ ಮೊದಲೇ ಹೋಗಿ ಕಾದು ಕೂರುವುದೆಂದು ಬೆಳಿಗ್ಗೆ ಬೇಗ ಸಂಘಕ್ಕೆ ಹೋದೆ.

ಹಜಾರದೊಳಗೆ ಯಾರೂ ಚಪ್ಪಲಿ ಹಾಕುವಂತಿಲ್ಲ. ನೆಲದ ಮೇಲೆ ಜಮಖಾನ ಹಾಸಿ ರೇಷ್ಮೆ ಸೀರೆ ಹರಡುವ ಜಾಗ ಅದು. ಆಯಮ್ಮ ಜಮಖಾನ ಸುತ್ತಿಟ್ಟು ನೆಲ ಒರೆಸುತ್ತಿದ್ದರು. ನಾನು ಹಜಾರಕ್ಕೆ ತೆರೆದ ಲೆಕ್ಕದ ಕೋಣೆಯಲ್ಲಿ ಲೆಕ್ಕಿಗರ ಪಕ್ಕ ಕುಳಿತು ಒಂದೊಂದೇ ಪರೀಕ್ಷೆಯ ಹಾಳೆ ಕಳಿಸುತ್ತಿದ್ದೆ. ಮೊದಲನೆಯದು ಬಂತು. ಎರಡನೆಯದು ಅರ್ಧ ಬಂದು ನಿಂತಿತು. ಹಿತ್ತಲಿನ ಕಡೆಯಿಂದ ನೀರು ಬೀಳುವ ಸದ್ದು ಕೇಳಿಸುತ್ತಿತ್ತು.

"ಆಯಮ್ಮ, ಪೇಪರ್ ಸಿಕ್ಕಾಕಿಕೊಂಡಿರಬೇಕು, ಒಂಚೂರು ನೋಡ್ತೀರಾ" ಎಂದೆ. ಆ ಪ್ರಿಂಟರಿನ ಮುಂಬಾಗಿಲು ತೆಗೆದು ಸಿಕ್ಕಿದ ಹಾಳೆ ಎಳೆಯುವುದು ಅವರಿಗೆ ಅಭ್ಯಾಸವಿತ್ತು. ಅವರು ಒರೆಸುವ ಬಟ್ಟೆಯನ್ನು ಬಕೆಟ್ಟಿನ ಮೇಲಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಬಾಗಿಲು ತೆಗೆದು ಒಳಗೆ ಕೈಹಾಕಿದರು.

ಅವರು ಕೂಗಲಿಲ್ಲ. ಇದನ್ನು ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಕರೆಂಟು ಹೊಡೆದರೆ ಮನುಷ್ಯರು ಚೀರಿ ಹಾರಿಬೀಳುತ್ತಾರೆ ಎಂದೇ ನಾನು ತಿಳಿದಿದ್ದೆ. ಆಯಮ್ಮ ಸುಮ್ಮನೆ ಬಾಗಿ ನಿಂತಿದ್ದರು. ಕೈ ಒಳಗಿತ್ತು, ಮುಖ ಗೋಡೆಯ ಕಡೆ ಇತ್ತು. ಹಾಳೆ ಹುಡುಕುತ್ತಿದ್ದಾರೆ ಎಂದುಕೊಂಡು ನಾನು ಸ್ಕ್ರೀನಿಗೆ ತಿರುಗಿದೆ. "ಸಿಕ್ತಾ ಆಯಮ್ಮ?" ಎಂದೆ. ಉತ್ತರವಿಲ್ಲ. ಮತ್ತೆ ತಿರುಗಿ ನೋಡಿದಾಗ ಅವರ ಸೀರೆಯ ಸೆರಗು ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು. ಗಾಳಿ ಇರಲಿಲ್ಲ.

ನಾನು ಎದ್ದು ಓಡಿ ಗೋಡೆಯ ಸ್ವಿಚ್ಚನ್ನು ಆರಿಸಿದೆ. ಪ್ರಿಂಟರಿನ ಹಸಿರು ದೀಪ ಆರಿತು, ಒಳಗಿನ ಫ್ಯಾನು ನಿಂತಿತು. ಆಯಮ್ಮನ ಕೈ ಬಿಡಲಿಲ್ಲ.

ಆ ಒಂದು ಗಳಿಗೆಯನ್ನು ಹೇಗೆ ಬರೆಯುವುದೋ ತಿಳಿಯದು. ಕರೆಂಟು ನಿಲ್ಲಿಸಿದ್ದೇನೆ, ಯಂತ್ರ ಸತ್ತುಹೋಗಿದೆ, ಆದರೂ ಕಣ್ಣೆದುರಿಗೇ ಅದು ಮನುಷ್ಯರನ್ನು ಹಿಡಿದುಕೊಂಡಿದೆ. ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳಾದ ಹಾಗೆ ನಾನು ಕೈ ಚಾಚಿದವಳು ಚಾಚಿದಂತೆಯೇ ನಿಂತುಬಿಟ್ಟೆ. ಲೆಕ್ಕಿಗರು, "ಮೇನ್, ಮೇನ್" ಎನ್ನುತ್ತ ಬಾಗಿಲ ಬಳಿಯ ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದರು. ಹಜಾರದ ದೀಪಗಳೆಲ್ಲ ಆರಿದವು. ಮಬ್ಬಿನಲ್ಲಿ ಆಯಮ್ಮ ಹಾಗೆಯೇ ಬಾಗಿ ನಿಂತಿದ್ದರು.

ಪ್ಲಾಸ್ಟಿಕ್ ಕುರ್ಚಿ ಕೈಗೆ ಸಿಕ್ಕಿತು. ಅದರ ಕಾಲುಗಳನ್ನು ಅವರ ಪಕ್ಕೆಗೆ ಕೊಟ್ಟು ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಅವರು ಬಕೆಟ್ಟಿನ ಮೇಲೆ ಉರುಳಿಬಿದ್ದರು. ನೀರೆಲ್ಲ ಹಜಾರದ ತುಂಬ ಹರಿಯಿತು.

ಕಣ್ಣು ತೆರೆದೇ ಇತ್ತು, ಉಸಿರು ಮೊದಲು ಇರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಒತ್ತಲು ಶುರುಮಾಡಿದೆ. ಶಾಲೆಯಲ್ಲಿ ಎಂದೋ ಗೊಂಬೆಯ ಮೇಲೆ ತೋರಿಸಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ, ಗಂಟಲಲ್ಲಿ ಗೊರಕೆಯಂಥ ಒಂದು ಸದ್ದು ಬಂತು. ಕಾರ್ಯದರ್ಶಿಯವರು ಆಟೋ ನಿಲ್ಲಿಸಿದ್ದರು. ಬಲಗೈಯ ಬೆರಳುಗಳು ಸುಟ್ಟಿದ್ದವು. ಅವರನ್ನು ಎತ್ತುವಾಗ ಬಲ ಹಿಮ್ಮಡಿಯಲ್ಲೊಂದು ಬೆಳ್ಳಗಿನ ಚುಕ್ಕೆ ಕಾಣಿಸಿತು. ಕರೆಂಟು ಅಲ್ಲಿಂದ ಹೊರಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೃದಯದ ಬಡಿತ ತಾಳ ತಪ್ಪಿದೆ ಎಂದರು, ಕೆಲವು ದಿನ ಇಲ್ಲೇ ಇರಲಿ ಎಂದರು. ಹೊರಗೆ ಬೆಂಚಿನ ಮೇಲೆ ಕುಳಿತಾಗಲೇ ನನ್ನ ಬಟ್ಟೆಯೆಲ್ಲ ಒದ್ದೆಯಾಗಿದೆಯೆಂದು ಗೊತ್ತಾದದ್ದು. ಆ ಒದ್ದೆ ನೆಲದ ಮೇಲೆ ನಾನೂ ಬರಿಗಾಲಲ್ಲಿ ನಿಂತಿದ್ದೆ. ಕುರ್ಚಿಯ ಬದಲು ಕೈಯಲ್ಲೇ ಎಳೆದಿದ್ದರೆ ನಾನೂ ಅಲ್ಲೇ ಅಂಟಿಕೊಳ್ಳುತ್ತಿದ್ದೆ.

ಮಾರನೆಯ ದಿನ ಪ್ರಿಂಟರ್ ಕಂಪನಿಯ ಮೆಕ್ಯಾನಿಕ್ ಮೈಸೂರಿನಿಂದ ಬಂದು ಯಂತ್ರವನ್ನು ಪೂರ್ತಿ ಬಿಚ್ಚಿ ನೋಡಿದ. ಒಳಗಿನ ತಂತಿ ಎಲ್ಲೂ ಸುಲಿದಿಲ್ಲ, ಮೈಗೆ ಎಲ್ಲೂ ತಾಗಿಲ್ಲ. "ಇದರಲ್ಲಿ ದೋಷವಿಲ್ಲ" ಎಂದು ಹೇಳಿ ಹೊರಟುಹೋದ. ನಾನು ಕಾರ್ಯದರ್ಶಿಯವರಿಗೆ ಸ್ವಿಚ್ ಆರಿಸಿದರೂ ಕರೆಂಟು ಇದ್ದದ್ದನ್ನು ಹೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಗಾಬ್ರಿಲಿ ಯಾವ ಸ್ವಿಚ್ ಅದ್ಮಿದ್ಯೋ ಏನೋ ಕಣಮ್ಮ. ನಮ್ಗೂ ಕೈಕಾಲು ಆಡ್ಲಿಲ್ಲ."

ಲೆಕ್ಕಿಗರನ್ನು ಕೇಳಿದೆ. ಅವರಿಗೆ ಮೇನ್ ಎಳೆದದ್ದು ನೆನಪಿತ್ತು. ಆದರೆ ಆಯಮ್ಮ ಅದಕ್ಕೆ ಮೊದಲು ಬಿದ್ದರೋ ಆಮೇಲೆ ಬಿದ್ದರೋ ಹೇಳಲಾಗಲಿಲ್ಲ. ನನಗೇ ಅನುಮಾನ ಹತ್ತಿತು. ಹಸಿರು ದೀಪ ಆರಿದ್ದನ್ನು ನಾನು ಕಂಡೆನೋ, ಕಂಡೆನೆಂದು ಆಮೇಲೆ ಅಂದುಕೊಂಡೆನೋ. ಪ್ರಿಂಟರು ಚೆನ್ನಾಗಿದೆ, ನಾಳೆಯಿಂದ ಮತ್ತೆ ಎಲ್ಲರಿಗೂ ಬಿಟ್ಟುಕೊಡಿ, ಗ್ರಾಫುಗಳು ಕಾಯುತ್ತಿವೆ ಎಂದರು ಕಾರ್ಯದರ್ಶಿಯವರು. ಆಗಲಿ ಎಂದುಬಿಟ್ಟೆ.

ಸಂಜೆ ಆಸ್ಪತ್ರೆಗೆ ಹೋದೆ. ಆಯಮ್ಮ ದಿಂಬಿಗೆ ಒರಗಿ ಕುಳಿತಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು. ಸೊಸೆ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಅವರೇ ಶುರುಮಾಡಿದರು.

"ನಂಗೆ ಎಲ್ಲಾ ಕೇಳುಸ್ತಿತ್ತು ಕಣ್ ಮಗ."

"ಏನು ಆಯಮ್ಮ?"

"ಸಿಕ್ತಾ ಅಂತ ಕೇಳ್ದಲ್ಲ, ಅದು ಕೇಳುಸ್ತು. ಬಾಯ್ ಬರ್ನಿಲ್ಲ. ಆಮೇಕೆ ನೀನು ಓಡ್ಬಂದು ಟಕ್ ಅಂತ ಸ್ವಿಚ್ ಆಫ್ ಮಾಡ್ದೆ. ಮಿಸನ್ನು ಗುಂಯ್ ಅಂತಿದ್ದುದ್ದು ನಿಂತೋಯ್ತು. ಸದ್ಯ, ಇನ್ನ ಬುಡ್ತದೆ ಅನ್ಕಂಡೆ." ಅವರು ಗಂಜಿಯ ಲೋಟವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. "ಬುಡ್ನಿಲ್ಲ. ಆಗ್ಲೇಯ ನಂಗೆ ಎದೆ ಒಡ್ದಿದ್ದು. ಇನ್ ನಾನು ಇಲ್ಲ ಅನ್ಕಂಡ್ಬುಟ್ಟೆ."

ನಾನು ಅವರ ಎಡಗೈ ಹಿಡಿದುಕೊಂಡು ಕುಳಿತೆ. ಅವರು ಆ ಸ್ಥಿತಿಯಲ್ಲಿ ಕೇಳಿಸಿಕೊಂಡ ಆ ಟಕ್ ಎಂಬ ಸದ್ದು ನನ್ನ ಅನುಮಾನವನ್ನು ತೆಗೆದುಹಾಕಿತು. ದೀಪ ಆರಿದ್ದು ನಿಜ. ಫ್ಯಾನು ನಿಂತದ್ದು ನಿಜ. ಹಾಗಾದರೆ ಕರೆಂಟು ಗೋಡೆಯಿಂದ ಬಂದದ್ದಲ್ಲ. ಪ್ರಿಂಟರಿಗೆ ಸೇರುವ ತಂತಿಗಳು ಎರಡೇ. ಒಂದು ಗೋಡೆಯದು, ಇನ್ನೊಂದು ನಾನು ಎಳೆದದ್ದು.

ಮನೆಗೆ ಬಂದರೂ ಅದೇ ಯೋಚನೆ. ಮುಂದಿನ ಕಟ್ಟಡದ ಮೇನ್ ತೆಗೆದರೂ ಕರೆಂಟಿತ್ತು ಎಂದರೆ ಅದು ಹಿಂದಿನ ಕಟ್ಟಡದಿಂದ ಬಂದಿರಬೇಕು. ಅಲ್ಲಿಂದ ಬರುವುದು ಒಂದೇ ಕೇಬಲ್, ಲೋಹದ ಹೊದಿಕೆಯದು. ಕೆಲವು ಬೆಳಿಗ್ಗೆ ಮಾತ್ರ ಪ್ರಿಂಟರು ಕಾಣದಾಗುತ್ತಿತ್ತು. ಆ ಬೆಳಗಿನ ಹೊತ್ತಿನಲ್ಲಿ ಅಲ್ಲಿ ಏನು ನಡೆಯುತ್ತದೆ? ನೀರು ಬೀಳುವ ಸದ್ದು ನೆನಪಾಯಿತು.

ಯಳಂದೂರಿನಲ್ಲಿ ನನಗೆ ಪರಿಚಯದ ವೈರ್‌ಮನ್ ಒಬ್ಬರಿದ್ದಾರೆ. ನಾನು ಹೋದ ಆಫೀಸುಗಳಲ್ಲಿ ವೈರಿಂಗ್ ಕೆಲಸ ಬಿದ್ದರೆ ಅವರನ್ನೇ ಕರೆಯುವುದು. ಬೆಳಿಗ್ಗೆ ಅವರನ್ನು ಕರೆದುಕೊಂಡು ಸಂಘಕ್ಕೆ ಹೋದೆ. ಪ್ರಿಂಟರಿನಿಂದ ಕೇಬಲ್ ಕಿತ್ತು, ಅದರ ಲೋಹದ ಪಿನ್ನಿಗೆ ಅವರ ಕರೆಂಟು ಅಳೆಯುವ ಮೀಟರಿನ ಒಂದು ಕಡ್ಡಿ ಇಟ್ಟು ಇನ್ನೊಂದನ್ನು ನೀರು ಚೆಲ್ಲಿ ಒದ್ದೆ ಮಾಡಿದ ನೆಲಕ್ಕೆ ಒತ್ತಿದೆವು. ಮೀಟರು ಸೊನ್ನೆ ತೋರಿಸಿತು. ಸುತ್ತ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಣ್ಣದ ಮನೆ ಮೋಟರ್ ಹಾಕಿಸಿ" ಎಂದೆ.

"ಪ್ರಿಂಟರ್‌ಗೂ ಮೋಟರ್‌ಗೂ ಏನಮ್ಮ ಸಂಬಂಧ?" ಎಂದರು ಕಾರ್ಯದರ್ಶಿಯವರು.

"ಹಾಕಿಸಿ ಸರ್. ಯಾರೂ ಇದರ ಹತ್ತಿರ ಬರಬೇಡಿ."

ಡಿಸೈನರ್ ಹಿತ್ತಲಿಗೆ ಹೋಗಿ ಕೂಗಿ ಹೇಳಿದ. ಗುಡುಗುಡು ಎಂದು ಮೋಟರು ಹತ್ತಿತು, ನೀರಿನ ಸದ್ದು ಶುರುವಾಯಿತು. ಮೀಟರಿನ ಅಂಕಿ ಒಂದೇ ಏಟಿಗೆ ಇನ್ನೂರರ ಮೇಲೆ ಹೋಗಿ ನಿಂತಿತು.

ವೈರ್‌ಮನ್ ಮೆಲ್ಲಗೆ, "ಅಯ್ಯೋ ಶಿವನೇ" ಎಂದರು. ಯಾವುದೇ ಪ್ಲಗ್ಗಿಗೆ ಸೇರದ, ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ಮುಟ್ಟಿಸಲೆಂದು ಹಾಕಿದ ಒಂದು ಕೇಬಲ್ಲು ನನ್ನ ಕಾಲಬುಡದಲ್ಲಿ ಮನೆಗೆ ಬರುವ ಕರೆಂಟಿನಷ್ಟೇ ಜೋರಾಗಿ ಬದುಕಿತ್ತು.

ಕಾರ್ಯದರ್ಶಿಯವರು ಮೊದಲು ಚೇತರಿಸಿಕೊಂಡರು. "ಸರಿ, ಆ ಕೇಬಲ್ ತೆಗ್ದಾಕ್ಬುಡಿ. ಪ್ರಿಂಟರ್ ಇತ್ಲಾಗಿನ ನಾಲ್ಕು ಜನಕ್ಕೆ ಇರ್ಲಿ. ಇನ್ನೇನು."

ಅಷ್ಟು ಮಾಡಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಕೇಬಲ್ಲು ನನ್ನದು, ಉಳಿದದ್ದು ನನ್ನದಲ್ಲ. ಇಕ್ಕಳ ತೆಗೆದು ಅದನ್ನು ಅಲ್ಲೇ ಕತ್ತರಿಸಿದೆ. ರಬ್ಬರು ಹಿಡಿಯ ಇಕ್ಕಳವೇ ಆದರೂ ಒಂದು ಗಳಿಗೆ ಮೋಟರು ನಿಲ್ಲಿಸಿಯೇ ಕತ್ತರಿಸಿದೆ. ಆಮೇಲೆ ಅಂಗಳ ದಾಟಿ ಡಿಸೈನ್ ಕೋಣೆಗೆ ಹೋದೆ. ಆ ಕೇಬಲ್ಲಿನ ಇನ್ನೊಂದು ತುದಿ ಇದ್ದದ್ದು ಡಿಸೈನರನ ಕಂಪ್ಯೂಟರಿನಲ್ಲಿ. ಅಂದರೆ ಅವನ ಕಂಪ್ಯೂಟರಿನ ಪೆಟ್ಟಿಗೆಯಲ್ಲೂ ಅಷ್ಟೇ ಕರೆಂಟು ಇದ್ದಿರಬೇಕು. ಅವನು ದಿನವೂ ಅದರ ಮುಂದೆ ಕೂರುತ್ತಾನೆ.

"ಇದನ್ನ ಮುಟ್ಟಿದಾಗ ನಿನಗೆ ಏನೂ ಆಗ್ತಿರಲಿಲ್ವಾ?" ಎಂದು ಕೇಳಿದೆ.

"ಜುಮ್ ಅಂತದೆ ಕಣಕ್ಕ" ಎಂದ ಅವನು, ಹವಾಮಾನದ ಬಗ್ಗೆ ಹೇಳುವವನ ಹಾಗೆ. "ಬಣ್ಣ ಆಕೋ ದಿವ್ಸ ಜಾಸ್ತಿ. ಅದ್ಕೇ ಕಾಲ್ ಕೆಳ್ಗೆ ಅಲಗೆ ಆಕ್ಕಂಡಿವ್ನಿ. ಅಲಗೆ ಮೇಲೆ ಕಾಲಿದ್ರೆ ಏನೂ ಗೊತ್ತಾಗಲ್ಲ."

ಕುರ್ಚಿಯ ಕೆಳಗೆ ಹಳೆಯ ಬಾಗಿಲಿನ ಹಲಗೆ ಇತ್ತು. ನೆಲದ ಥಂಡಿಗೆ ಹಾಕಿಕೊಂಡಿದ್ದಾನೆ ಎಂದುಕೊಂಡಿದ್ದೆ.

"ಯಾರಿಗೂ ಹೇಳಲಿಲ್ವಾ?"

"ಏನಂತ ಯೋಳದಕ್ಕ. ಎಲ್ರಿಗೂ ಗೊತ್ತಲ್ಲ."

ಬಣ್ಣದ ಮನೆಗೆ ಹೋದೆ. ತಾಮ್ರದ ತೊಟ್ಟಿಯಲ್ಲಿ ಬಾಳೆಹೂವಿನ ಬಣ್ಣದ ನೀರು ಹಬೆಯಾಡುತ್ತಿತ್ತು. ಇಬ್ಬರು ಬಿದಿರು ಕೋಲಿಗೆ ರೇಷ್ಮೆ ನೂಲಿನ ಲಡಿ ತೊಡಿಸಿ ತಿರುವುತ್ತಿದ್ದರು. ಮೊಣಕಾಲವರೆಗೂ ಒದ್ದೆ. ನೀರಿನ ಪೈಪಿನ ಗೇಟ್‌ವಾಲ್ವಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬನ್ನು ಒತ್ತಾಗಿ ಸುತ್ತಿ ಕಟ್ಟಿದ್ದರು.

"ಈ ಟ್ಯೂಬ್ ಯಾಕೆ?" ಎಂದೆ.

ಬಣ್ಣದ ಮೇಸ್ತ್ರಿ ಕೋಲು ತಿರುವುವುದನ್ನು ನಿಲ್ಲಿಸದೆಯೇ ಹೇಳಿದರು: "ಬರೀ ಕೈಲಿ ಹಿಡುದ್ರೆ ಹೊಡೀತದೆ ಕಣವ್ವ. ಮೋಟರ್ ಓಡ್ವಾಗ ಪೈಪ್ ಮುಟ್ಟಂಗಿಲ್ಲ. ಹೊಸಬ್ರು ಬಂದ್ರೆ ಮೊದ್ಲು ಅದ್ನೇ ಯೋಳ್ಕೊಡೋದು."

ಆಯಮ್ಮ ಬಾಗಿ ನಿಂತಿದ್ದನ್ನು ಕಂಡಾಗ ನಾನು ಬೆಚ್ಚಿದ್ದೆ. ಮೀಟರು ನೋಡಿ ಬೆಚ್ಚಿದ್ದೆ. ಆದರೆ ಆ ಸೈಕಲ್ ಟ್ಯೂಬಿನ ಮುಂದೆ ನಿಂತಾಗ ಆದದ್ದು ಬೇರೆ. ಒಬ್ಬರು ಹಲಗೆ ಹಾಕಿಕೊಂಡಿದ್ದರು, ಒಬ್ಬರು ಟ್ಯೂಬು ಸುತ್ತಿದ್ದರು. ಎಲ್ಲರೂ ಅದರ ಜೊತೆ ಹೊಂದಿಕೊಂಡು ಬಾಳುತ್ತಿದ್ದರು. ಗೊತ್ತಿಲ್ಲದಿದ್ದದ್ದು ಅಂಗಳದ ಈಚೆ ಇದ್ದ ಆಯಮ್ಮನೊಬ್ಬರಿಗೆ, ನಾನು ಕೇಬಲ್ ಎಳೆದು ಅದನ್ನು ಅವರ ಕೈಯವರೆಗೆ ತಲುಪಿಸುವ ತನಕ.

ವೈರ್‌ಮನ್ ಅಷ್ಟರಲ್ಲಿ ಹಿಂದಿನ ಕಟ್ಟಡದ ಬೋರ್ಡಿನಿಂದ ಅರ್ತ್ ತಂತಿಯನ್ನು ಗೋಡೆಯಗುಂಟ ಹುಡುಕುತ್ತ ಕೆಳಗಿಳಿದಿದ್ದರು. ಮೋಟರಿನದಾಗಲಿ ಕಂಪ್ಯೂಟರಿನದಾಗಲಿ ಮೈಗೆ ಕರೆಂಟು ತಾಗಿದರೆ ಅದನ್ನು ನೆಲಕ್ಕೆ ಇಳಿಸಿಬಿಡುವುದು ಆ ತಂತಿಯ ಕೆಲಸ. ಅದು ಗೋಡೆಯ ಬುಡದವರೆಗೆ ಬಂದು, ಅಂಗಳದ ಚಪ್ಪಡಿಗೆ ಒಂದು ಗೇಣು ಮೇಲೆ ಮುಗಿದಿತ್ತು. ಚಪ್ಪಡಿ ಹಾಸುವಾಗ ಅಡ್ಡ ಬಂತೆಂದು ಯಾರೋ ಕತ್ತರಿಸಿ, ಮೇಲೆ ಗಾರೆ ಮೆತ್ತಿದ್ದರು. ಇತ್ತ ಮೋಟರಿನ ಒಳಗಿನ ತಂತಿಯ ಸುತ್ತು ಸುಟ್ಟು ಮೈಗೆ ಕರೆಂಟು ಬಿಡುತ್ತಿತ್ತು. ಇಳಿದುಹೋಗಲು ದಾರಿಯಿಲ್ಲದೆ ಅದು ಆ ಕಟ್ಟಡದ ಅರ್ತ್ ತಂತಿಯುದ್ದಕ್ಕೂ, ಎಲ್ಲ ಪೈಪುಗಳಲ್ಲೂ, ಡಿಸೈನ್ ಕೋಣೆಯ ಕಂಪ್ಯೂಟರಿನಲ್ಲೂ ತುಂಬಿಕೊಂಡಿತ್ತು. ಮುಂದಿನ ಹಜಾರದ ಸಾಕೆಟ್ಟನ್ನೂ ಬಿಚ್ಚಿ ನೋಡಿದೆವು. ಮೂರು ತೂತಿದ್ದವು, ಅರ್ತಿಗೆಂದು ಇರುವ ಮೇಲಿನ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಹಾಗಾಗಿ ಪ್ರಿಂಟರಿಗೆ ಬಂದ ಕರೆಂಟಿಗೂ ಅಲ್ಲಿಂದ ಇಳಿಯಲು ದಾರಿ ಇರಲಿಲ್ಲ, ಯಾರಾದರೂ ಒದ್ದೆ ಕಾಲಲ್ಲಿ ಬಂದು ಮುಟ್ಟುವವರೆಗೆ.

"ಹಿಂದಿನ ಮೇನ್ ತೆಗೀಬೇಕು ಸರ್. ಈಗಲೇ" ಎಂದೆ.

"ಈಗ ಆಗಲ್ಲಮ್ಮ" ಎಂದರು ಕಾರ್ಯದರ್ಶಿಯವರು. "ತೊಟ್ಟೀಲಿ ನೂಲದೆ. ನೀರ್ ನಿಂತ್ರೆ ಬಣ್ಣ ಒಂದೊಂದ್ ಕಡೆ ಒಂದೊಂದ್ ಥರ ಕೂತ್ಕತದೆ. ಅಷ್ಟೂ ಲಡಿ ಹಾಳು. ನೇಕಾರ್ರಿಗೆ ಏನ್ ಕೊಡ್ಲಿ? ಇವತ್ತೊಂದಿನ ಮುಗೀಲಿ, ನಾಳೆ ರಿಪೇರಿ ಮಾಡ್ಸೋಣ. ಇಷ್ಟು ದಿನ ಓಡಿಲ್ವಾ?"

ಅವರು ಕೆಟ್ಟ ಮನುಷ್ಯರಲ್ಲ. ಆಯಮ್ಮನನ್ನು ಆಟೋದಲ್ಲಿ ಮಡಿಲಿಗೆ ಹಾಕಿಕೊಂಡು ಹೋದವರು ಅವರೇ. ನೂಲು ಕೆಟ್ಟರೆ ಎಷ್ಟು ಮನೆಯ ಮಗ್ಗ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ವೈರ್‌ಮನ್ ಮುಖ ನೋಡಿದೆ. ಅವರು, "ನಾನು ಯೋಳೋದು ಯೋಳ್ಬುಟ್ಟೆ, ಮಿಕ್ಕಿದ್ದು ನೀವುಂಟು ಅವ್ರುಂಟು" ಎಂದು ಪಕ್ಕಕ್ಕೆ ಸರಿದರು.

ನನಗೆ ಆ ಕಟ್ಟಡದ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಪ್ರಿಂಟರು ಹಂಚಲು ಬಂದವಳು ನಾನು. ಆದರೆ ಬಣ್ಣದ ಮನೆಯಲ್ಲಿ ಒದ್ದೆ ಕಾಲಲ್ಲಿ ನಿಂತಿದ್ದ ಆ ಇಬ್ಬರನ್ನು ನೋಡಿಬಿಟ್ಟಿದ್ದೆ. ಬೋರ್ಡಿನ ಹತ್ತಿರ ಹೋಗಿ ಮೇನ್ ಕೆಳಕ್ಕೆಳೆದೆ. ಮೂರು ಫ್ಯೂಸುಗಳನ್ನೂ ಕಿತ್ತು ನನ್ನ ಟೂಲ್ ಬ್ಯಾಗಿಗೆ ಹಾಕಿಕೊಂಡು ಜಿಪ್ಪು ಎಳೆದೆ.

"ಏನ್ಮಾಡ್ತಿದ್ದೀಯಮ್ಮ ನೀನು" ಎಂದರು ಕಾರ್ಯದರ್ಶಿಯವರು. ಅವರ ದನಿ ಮೊದಲ ಸಲ ಏರಿತ್ತು.

"ಆಯಮ್ಮ ಬದುಕಿದ್ದು ಪಕ್ಕದಲ್ಲಿ ಕುರ್ಚಿ ಇತ್ತು ಅಂತ ಸರ್. ಇಲ್ಲಿ ಕುರ್ಚಿಯೂ ಇಲ್ಲ."

ಅವರು ನನ್ನ ಬ್ಯಾಗನ್ನೂ ಕೆಳಗಿಳಿದ ಮೇನನ್ನೂ ನೋಡಿದರು. ಆಮೇಲೆ ಬಣ್ಣದ ಮನೆಯ ಬಾಗಿಲಿಗೆ ಹೋಗಿ, "ಲೇ, ಬಿಂದ್ಗೆ ತಗಂಡ್ ಬನ್ರಲಾ, ನೀರ್ ಹೊರ್ಬೇಕು" ಎಂದರು. ಪಂಚೆ ಮೇಲಕ್ಕೆ ಕಟ್ಟಿ ಮೊದಲ ಕೊಡ ತಂದವರೂ ಅವರೇ. ಲೆಕ್ಕಿಗರು, ಡಿಸೈನರ್, ವೈರ್‌ಮನ್, ನಾನು, ಎಲ್ಲರೂ ಬೀದಿಯ ನಲ್ಲಿಯಿಂದ ನೀರು ಹೊತ್ತೆವು. ಸ್ವಲ್ಪ ನೂಲಿಗೆ ಬಣ್ಣ ಒಂದೇ ಸಮನಾಗಿ ಹಿಡಿಯಲಿಲ್ಲ, ಅದನ್ನು ಕಪ್ಪು ಬಣ್ಣಕ್ಕೆ ಹಾಕಿ ಉಳಿಸಿಕೊಂಡರು. ಉಳಿದದ್ದು ಚೆನ್ನಾಗಿಯೇ ಬಂತು.

ಚಪ್ಪಡಿ ಎಬ್ಬಿಸಿ ಎರಡೂ ಕಟ್ಟಡಕ್ಕೆ ಹೊಸದಾಗಿ ಅರ್ತ್ ಗುಂಡಿ ತೋಡಿಸಿದರು. ಮೋಟರು ಬಿಚ್ಚಿ ಸುತ್ತು ಕಟ್ಟಿಸಿದರು. ಕರೆಂಟು ಸ್ವಲ್ಪ ಸೋರಿದರೂ ತಾನೇ ಆಫ್ ಆಗುವ ಸ್ವಿಚ್ಚುಗಳು ಎರಡೂ ಮೇನ್‌ಗಳಿಗೆ ಬಂದವು. ಅಲ್ಲಿಯವರೆಗೆ ಡಿಸೈನರ್ ತನ್ನ ಕಂಪ್ಯೂಟರನ್ನು ನನ್ನ ಅಂಗಡಿಗೆ ಹೊತ್ತು ತಂದು ಅಲ್ಲೇ ಗ್ರಾಫು ತೆಗೆದ. ಎಲ್ಲ ಮುಗಿದ ಮೇಲೆ ನಾನು ಅಂಗಳಕ್ಕೆ ಲೋಹದ ಕೇಬಲ್ ಹಾಕಲಿಲ್ಲ. ಗಾಜಿನ ಎಳೆಯದು ಹಾಕಿದೆ. ಅದರಲ್ಲಿ ಬೆಳಕು ಮಾತ್ರ ಹರಿಯುತ್ತದೆ, ಕರೆಂಟು ಹರಿಯಲಾರದು. ಐದು ಕಂಪ್ಯೂಟರಿಗೂ ಪ್ರಿಂಟರು ಸಿಕ್ಕಿತು. ಮತ್ತೆ ಯಾವ ಬೆಳಿಗ್ಗೆಯೂ ಅದು ಮಾಯವಾಗಲಿಲ್ಲ.

ಆಯಮ್ಮ ಕೆಲಸಕ್ಕೆ ಬಂದರು. ಬಲಗೈಯ ತೋರುಬೆರಳು ಪೂರ್ತಿ ಮಡಚುವುದಿಲ್ಲ. ಸೀರೆ ಮಡಿಸುವಾಗ ಅಂಚು ಕೂರಿಸಲು ಕಷ್ಟವಾಗುತ್ತದೆ, ನಿಧಾನವಾಗಿ ಮಾಡುತ್ತಾರೆ. ಪ್ರಿಂಟರಿನ ಹತ್ತಿರ ಹೋಗುವುದಿಲ್ಲ. ಯಾರೂ ಹೋಗೆಂದು ಹೇಳುವುದೂ ಇಲ್ಲ.

ಈಚೆಗೆ ಹನೂರಿನ ಒಂದು ಆಫೀಸಿಗೆ ಕರೆದರು. ಅಲ್ಲೂ ಅದೇ ಕೆಲಸ, ಒಂದು ಪ್ರಿಂಟರು, ಏಳೆಂಟು ಕಂಪ್ಯೂಟರು. ನಾನು ಕೇಬಲ್ಲಿನ ಸುರುಳಿಯನ್ನು ಸ್ಕೂಟರಿನಲ್ಲೇ ಬಿಟ್ಟು ಬರಿಗೈಯಲ್ಲಿ ಒಳಗೆ ಹೋಗಿ, ಎದುರಿಗಿದ್ದ ಗುಮಾಸ್ತರನ್ನು ಕೇಳಿದೆ, ಇಲ್ಲಿ ಏನನ್ನಾದರೂ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ ಎಂದು.

ಅವರು ತಲೆ ಎತ್ತದೆ ಹೇಳಿದರು: "ಆ ಕಬ್ಬಿಣದ ಬೀರು ಒಸಿ ಹೊಡೀತದೆ ಮೇಡಂ. ನಾವ್ಯಾರೂ ಅದ್ನ ಮುಟ್ಟಲ್ಲ ಬುಡಿ. ಅಭ್ಯಾಸ ಆಗೋಗದೆ."

"ಮೇನ್ ಎಲ್ಲಿದೆ, ತೋರಿಸಿ" ಎಂದೆ.